ಲಾರಿಯ ವೇಗವನ್ನು ನಿರ್ಧರಿಸುವುದು ಯಾವುದು?

ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರಿಗೆಲ್ಲ ಪರಿಚಿತವಾದ ಒಂದು ನೋಟವುಂಟು. ಸರಕು ತುಂಬಿದ ಲಾರಿಯೊಂದು ಗುಡುಗುತ್ತ ಓಡುತ್ತಿರುತ್ತದೆ. ಸಣ್ಣ ಕಾರೊಂದು ಅದರ ಪಕ್ಕದಿಂದ ಅನಾಯಾಸವಾಗಿ ಮುಂದೆ ಸಾಗಿ ಕಣ್ಮರೆಯಾಗುತ್ತದೆ. ಕಾರಿನ ಎಂಜಿನಿನ ಸಾಮರ್ಥ್ಯ ೬೦ ಕಿಲೊವಾಟ್ ಇದ್ದರೆ ಲಾರಿಯದು ೧೩೦ ಕಿಲೊವಾಟ್ ಇರಬಹುದು. ಇಮ್ಮಡಿಗಿಂತ ಹೆಚ್ಚು ಸಾಮರ್ಥ್ಯವುಳ್ಳ ಲಾರಿ ಹಿಂದೆ ಬೀಳುವುದೇಕೆ?

ಲಾರಿ ಭಾರವಾಗಿದೆ, ಆದ್ದರಿಂದ ನಿಧಾನ ಎಂದು ಥಟ್ಟನೆ ಉತ್ತರ ಹೇಳಬಹುದು. ಈ ಉತ್ತರದಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ಣವಲ್ಲ. ಸರಕನ್ನೆಲ್ಲ ಇಳಿಸಿ ಬರಿದಾದ ಲಾರಿಯೂ ಮಟ್ಟವಾದ ರಸ್ತೆಯಲ್ಲಿ ಒಂದು ವೇಗವನ್ನು ಮುಟ್ಟಿದ ಮೇಲೆ, ಚಾಲಕನು ಎಷ್ಟು ಅದುಮಿದರೂ ಅದಕ್ಕಿಂತ ಮುಂದಕ್ಕೆ ಏರುವುದಿಲ್ಲ. ಭಾರವೇ ಏಕಮಾತ್ರ ಕಾರಣವಾಗಿದ್ದರೆ ಹೀಗಾಗಬಾರದಾಗಿತ್ತು. ಎಂಜಿನಿಗೂ ರಸ್ತೆಗೂ ನಡುವೆ ಇರುವ ಹಲ್ಲುಚಕ್ರಗಳಲ್ಲಿ, ಎಂದರೆ ಗೇರುಗಳಲ್ಲಿ, ಈ ಒಗಟಿನ ಅರ್ಧ ಉತ್ತರ ಅಡಗಿದೆ. ಉಳಿದರ್ಧ ಗಾಳಿ, ಟೈರು, ಏರು ಇವುಗಳಲ್ಲಿದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ನಮ್ಮ ಸಾಮಾನ್ಯ ಊಹೆಗೆ ವಿರುದ್ಧವಾದ ಕೆಲವು ಫಲಗಳು ದೊರಕುತ್ತವೆ. ಹೈಸ್ಕೂಲಿನಲ್ಲಿ ಕಲಿತ ಭೌತವಿಜ್ಞಾನವೂ ಗುಣಾಕಾರ ಭಾಗಾಕಾರಗಳೂ ಇದಕ್ಕೆ ಸಾಕು.

ಎಂಜಿನಿನ ಸ್ವಭಾವ

ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖದಿಂದಲೇ ಅದರಲ್ಲಿ ಇಂಧನ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡವನ್ನು ತಾಳಬೇಕಾದುದರಿಂದ ಅದರ ಪಿಸ್ಟನ್ನು, ಪಿಸ್ಟನ್ನಿನ ತೋಳು, ಕ್ರ್ಯಾಂಕ್ ದಂಡ ಇವೆಲ್ಲ ದಪ್ಪವಾಗಿಯೂ ಭಾರವಾಗಿಯೂ ಇರುತ್ತವೆ. ಭಾರವಾದ ಪಿಸ್ಟನ್ನು ಪ್ರತಿ ಸುತ್ತಿನಲ್ಲಿ ಎರಡು ಸಲ ನಿಂತು ದಿಕ್ಕು ಬದಲಿಸಬೇಕು. ಸುತ್ತುಗಳ ಸಂಖ್ಯೆ ಇಮ್ಮಡಿಯಾದರೆ ಇದಕ್ಕೆ ಬೇಕಾದ ಬಲ ನಾಲ್ಮಡಿಯಾಗುತ್ತದೆ. ಅಲ್ಲದೆ, ಚಿಮ್ಮಿದ ಇಂಧನ ಗಾಳಿಯೊಡನೆ ಬೆರೆತು ಉರಿಯುವುದಕ್ಕೂ ಸ್ವಲ್ಪ ಕಾಲ ಬೇಕು. ಈ ಕಾರಣಗಳಿಂದ ಕಾರಿನ ಪೆಟ್ರೋಲ್ ಎಂಜಿನು ಮಿನಿಟಿಗೆ ೬೦೦೦ ಸುತ್ತು ಸುತ್ತಬಲ್ಲುದಾದರೆ ಲಾರಿಯ ಎಂಜಿನಿಗೆ ಸುಮಾರು ೨೪೦೦ ಸುತ್ತೇ ಪರಮಾವಧಿ. ಅದಕ್ಕಿಂತ ಹೆಚ್ಚಾಗಲು ತೊಡಗಿದೊಡನೆ ಗವರ್ನರ್ ಎಂಬ ನಿಯಂತ್ರಕ ಇಂಧನವನ್ನು ತಗ್ಗಿಸಿಬಿಡುತ್ತದೆ. ಬರಿದಾದ ಲಾರಿ ಒಂದು ವೇಗಕ್ಕಿಂತ ಹೆಚ್ಚು ಓಡದಿರುವುದಕ್ಕೆ ಈ ನಿಯಂತ್ರಕವೇ ಕಾರಣ.

ಎಂಜಿನಿಗೆ ಕೆಳಗಿನ ಮಿತಿಯೂ ಉಂಟು. ಮಿನಿಟಿಗೆ ೧೦೦೦ ಸುತ್ತಿಗಿಂತ ಕೆಳಗೆ ಭಾರ ಹೊರಿಸಿದರೆ ಅದು ನಡುಗಿ ನಿಂತುಹೋಗುವ ಸಂಭವವಿದೆ. ಆದ್ದರಿಂದ ಅದು ಹುರುಪಿನಿಂದ ಕೆಲಸ ಮಾಡುವ ವ್ಯಾಪ್ತಿ ೧೦೦೦ರಿಂದ ೨೪೦೦ ಸುತ್ತುಗಳವರೆಗೆ ಮಾತ್ರ. ಆದರೆ ಲಾರಿ ನಿಂತ ನೆಲೆಯಿಂದ ಹೊರಟು ಗಂಟೆಗೆ ೭೦-೮೦ ಕಿಲೊಮೀಟರಿನವರೆಗೆ ಎಲ್ಲ ವೇಗಗಳಲ್ಲೂ ಓಡಬೇಕು. ಇಷ್ಟು ಕಿರಿದಾದ ವ್ಯಾಪ್ತಿಯನ್ನು ಅಷ್ಟು ಹಿರಿದಾದ ವ್ಯಾಪ್ತಿಗೆ ಹೊಂದಿಸಿಕೊಡುವ ಮಧ್ಯವರ್ತಿಯೇ ಗೇರುಪೆಟ್ಟಿಗೆ.

ಹಲ್ಲುಚಕ್ರದ ವ್ಯಾಪಾರ

ಹತ್ತು ಹಲ್ಲಿನ ಚಕ್ರವೊಂದು ನಲವತ್ತು ಹಲ್ಲಿನ ಚಕ್ರವನ್ನು ತಿರುಗಿಸುತ್ತಿದೆ ಎಂದು ಭಾವಿಸೋಣ. ಚಿಕ್ಕದು ನಾಲ್ಕು ಸುತ್ತು ಬಂದಾಗ ದೊಡ್ಡದು ಒಂದು ಸುತ್ತು ಬರುತ್ತದೆ. ವೇಗ ಕಾಲುಭಾಗಕ್ಕೆ ಇಳಿಯಿತು. ಆದರೆ ದೊಡ್ಡ ಚಕ್ರದ ದಂಡವನ್ನು ತಿರುಗಿಸುವ ಬಲ ನಾಲ್ಮಡಿಯಾಯಿತು. ಈ ತಿರುಗಿಸುವ ಸಾಮರ್ಥ್ಯಕ್ಕೆ ನಾವು ತಿರುಗುಬಲ ಎನ್ನೋಣ. ಬಲವನ್ನು ಅದು ವರ್ತಿಸುವ ತ್ರಿಜ್ಯದಿಂದ ಗುಣಿಸಿದರೆ ಅದರ ಬೆಲೆ ಬರುತ್ತದೆ. ಸನ್ನೆಗೋಲಿನ ಉದ್ದನೆಯ ತುದಿಯನ್ನು ಹೆಚ್ಚು ದೂರ ಅದುಮಿದಾಗ ಗಿಡ್ಡ ತುದಿ ಸ್ವಲ್ಪವೇ ಮೇಲೇಳುತ್ತದೆ, ಆದರೆ ಬಂಡೆಯನ್ನು ಎತ್ತುತ್ತದೆ. ಹಲ್ಲುಚಕ್ರವೂ ಎಡೆಬಿಡದೆ ದುಡಿಯುವ ಸನ್ನೆಯೇ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದುಂಟು. ತಿರುಗುಬಲವನ್ನು ಸುತ್ತುಗಳ ವೇಗದಿಂದ ಗುಣಿಸಿದರೆ ಬರುವ ಸಾಮರ್ಥ್ಯ ಮಾತ್ರ ಎರಡು ದಂಡಗಳಲ್ಲೂ ಒಂದೇ. ಹಲ್ಲುಗಳ ಉಜ್ಜಾಟದಲ್ಲಿ ಸ್ವಲ್ಪ ನಷ್ಟವಾಗುತ್ತದೆಯೇ ಹೊರತು ಲಾಭವೆಂದೂ ಆಗುವುದಿಲ್ಲ. ಗೇರು ನಾಣ್ಯ ಬದಲಿಸಿಕೊಡುವ ವ್ಯಾಪಾರಿಯಂತೆ. ಬಲವನ್ನು ಕೊಟ್ಟು ವೇಗವನ್ನೋ, ವೇಗವನ್ನು ಕೊಟ್ಟು ಬಲವನ್ನೋ ಪಡೆಯಬಹುದು. ಹಣದ ಮೊತ್ತವನ್ನು ಅದು ಹೆಚ್ಚಿಸಲಾರದು. ಈ ಒಂದು ಮಾತನ್ನು ಮರೆಯದಿದ್ದರೆ ಮುಂದಿನದೆಲ್ಲ ಸುಲಭ.

ಲಾರಿಯಲ್ಲಿ ಈ ವ್ಯಾಪಾರ ಎರಡು ಕಡೆ ನಡೆಯುತ್ತದೆ. ಎಂಜಿನಿನ ಹಿಂದೆಯೇ ಗೇರುಪೆಟ್ಟಿಗೆ ಇದೆ; ಇಲ್ಲಿ ಅನುಪಾತವನ್ನು ಚಾಲಕನು ತನ್ನ ಅಗತ್ಯಕ್ಕೆ ತಕ್ಕಂತೆ ಬದಲಿಸಬಹುದು. ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ದಂಡ ಹಿಂಗಾಲಿಗಳ ಅಚ್ಚಿನವರೆಗೆ ಹೋಗುತ್ತದೆ. ಅಚ್ಚಿನ ನಡುವಿನ ಉಬ್ಬಿದ ಗುಂಡಿನಲ್ಲಿ, ಮೆಕ್ಯಾನಿಕ್ಕುಗಳು ಕ್ರೌನ್ ಮತ್ತು ಪಿನಿಯನ್ ಎಂದು ಕರೆಯುವ ಜೋಡಿ ಇರುತ್ತದೆ. ಪಿನಿಯನ್ ಚಿಕ್ಕದು, ಕ್ರೌನ್ ದೊಡ್ಡದು. ಇವು ಚಲನೆಯನ್ನು ಲಂಬಕೋನದಲ್ಲಿ ತಿರುಗಿಸುವುದಲ್ಲದೆ ವೇಗವನ್ನು ಇನ್ನೊಮ್ಮೆ ತಗ್ಗಿಸಿ ತಿರುಗುಬಲವನ್ನು ಇನ್ನೊಮ್ಮೆ ಹೆಚ್ಚಿಸುತ್ತವೆ. ಸಾಮಾನ್ಯ ಲಾರಿಯಲ್ಲಿ ಈ ಅನುಪಾತ ಕಾರ್ಖಾನೆಯಲ್ಲೇ ನಿಶ್ಚಿತವಾಗಿಬಿಡುತ್ತದೆ. ಚಾಲಕನು ಅದನ್ನು ಬದಲಿಸಲಾರ.

ಪಿನಿಯನ್ನಿನಲ್ಲಿ ೬, ಕ್ರೌನಿನಲ್ಲಿ ೪೧ ಹಲ್ಲುಗಳಿದ್ದರೆ ಅನುಪಾತ ೬.೮೩. ಲೆಕ್ಕ ಸುಲಭವಾಗಲೆಂದು ೪೨ ಹಲ್ಲುಗಳನ್ನಿಟ್ಟು ಸರಿಯಾಗಿ ೭ ಮಾಡಬಹುದಿತ್ತಲ್ಲ ಎನಿಸಬಹುದು. ಎಂಜಿನಿಯರು ಬೇಕೆಂದೇ ಹಾಗೆ ಮಾಡುವುದಿಲ್ಲ. ೪೨ ಹಲ್ಲುಗಳಿದ್ದರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ಏಳು ಹಲ್ಲುಗಳನ್ನು ಮತ್ತೆ ಮತ್ತೆ ಸಂಧಿಸುತ್ತದೆ. ಒಂದರ ದೋಷ ಇನ್ನೊಂದನ್ನು ಅದೇ ಜಾಗದಲ್ಲಿ ಕೊರೆಯುತ್ತ ಹೋಗುತ್ತದೆ. ೬ಕ್ಕೂ ೪೧ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ಪ್ರತಿಯೊಂದು ಹಲ್ಲೂ ಎದುರಿನ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸಿ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಶಾಲೆಯ ಅಂಕಗಣಿತ ಲಾರಿಯ ಅಚ್ಚಿನೊಳಗೂ ಕೆಲಸ ಮಾಡುತ್ತಿದೆ!

ಮೊದಲನೆಯ ಮಿತಿ: ಗೇರಿನದು

ಈಗ ಒಂದು ಮಾದರಿ ಲಾರಿಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಸರಕೂ ಸೇರಿ ಅದರ ತೂಕ ೨೫ ಟನ್. ಎಂಜಿನು ಮಿನಿಟಿಗೆ ೨೪೦೦ ಸುತ್ತಿನಲ್ಲಿ ೧೩೦ ಕಿಲೊವಾಟ್ ಸಾಮರ್ಥ್ಯವನ್ನೂ, ೧೫೦೦ ಸುತ್ತಿನಲ್ಲಿ ೬೫೦ ನ್ಯೂಟನ್-ಮೀಟರ್ ಗರಿಷ್ಠ ತಿರುಗುಬಲವನ್ನೂ ಕೊಡುತ್ತದೆ. ಗೇರುಪೆಟ್ಟಿಗೆಯಲ್ಲಿ ಆರು ಗೇರುಗಳಿವೆ. ಅವುಗಳ ಅನುಪಾತಗಳು ಕ್ರಮವಾಗಿ ೭, ೪, ೨.೬, ೧.೮, ೧.೩ ಮತ್ತು ೧. ಆರನೆಯ ಗೇರಿನಲ್ಲಿ ಎಂಜಿನೂ ಪ್ರೊಪೆಲ್ಲರ್ ದಂಡವೂ ಒಂದೇ ವೇಗದಲ್ಲಿ ತಿರುಗುತ್ತವೆ. ಟೈರು ಒಂದು ಸುತ್ತು ಉರುಳಿದರೆ ಲಾರಿ ೩.೨ ಮೀಟರ್ ಮುಂದೆ ಹೋಗುತ್ತದೆ.

ಅಚ್ಚಿನ ಅನುಪಾತ ೬.೮೩ ಇರಲಿ. ಆರನೆಯ ಗೇರಿನಲ್ಲಿ ಎಂಜಿನು ೨೪೦೦ ಸುತ್ತು ತಿರುಗಿದಾಗ ಗಾಲಿ ೨೪೦೦ ÷ ೬.೮೩, ಎಂದರೆ ೩೫೧ ಸುತ್ತು ತಿರುಗುತ್ತದೆ. ಇದನ್ನು ೩.೨ರಿಂದ ಗುಣಿಸಿದರೆ ಮಿನಿಟಿಗೆ ಸುಮಾರು ೧೧೨೪ ಮೀಟರ್. ಗಂಟೆಗೆ ೬೭ ಕಿಲೊಮೀಟರ್. ಇದೇ ಈ ಲಾರಿಯ ಗೇರಿನ ಮಿತಿ. ಲಾರಿ ತುಂಬಿರಲಿ, ಬರಿದಾಗಿರಲಿ, ಎಂಜಿನು ಇದಕ್ಕಿಂತ ವೇಗವಾಗಿ ಅದನ್ನು ಮಟ್ಟ ರಸ್ತೆಯಲ್ಲಿ ಓಡಿಸಲಾರದು. ಉಳಿದ ಗೇರುಗಳ ಮಿತಿಗಳನ್ನು ತಿಳಿಯಲು ಈ ೬೭ನ್ನು ಆಯಾ ಅನುಪಾತದಿಂದ ಭಾಗಿಸಿದರೆ ಸಾಕು. ಐದನೆಯದರಲ್ಲಿ ೫೨, ನಾಲ್ಕನೆಯದರಲ್ಲಿ ೩೭, ಮೂರನೆಯದರಲ್ಲಿ ೨೬, ಎರಡನೆಯದರಲ್ಲಿ ೧೭. ಮೊದಲನೆಯದರಲ್ಲಿ ಹತ್ತಕ್ಕೂ ಸ್ವಲ್ಪ ಕಡಿಮೆ.

ಟೈರಿಗೂ ಈ ಲೆಕ್ಕದಲ್ಲಿ ಪಾತ್ರವಿದೆ. ಅದರ ಮೇಲ್ಮೈ ೧೫ ಮಿಲಿಮೀಟರ್ ಸವೆದರೆ ಸುತ್ತಳತೆ ಸುಮಾರು ೯೪ ಮಿಲಿಮೀಟರ್ ಕಡಿಮೆಯಾಗುತ್ತದೆ. ಆಗ ೬೭ ಇದ್ದ ಮಿತಿ ೬೫ಕ್ಕೆ ಇಳಿಯುತ್ತದೆ. ವೇಗಮಾಪಕವು ದಂಡದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲವಾದ್ದರಿಂದ ಅದು ಮಾತ್ರ ೬೭ ಎಂದೇ ತೋರಿಸುತ್ತಿರುತ್ತದೆ.

ಎರಡನೆಯ ಮಿತಿ: ಸಾಮರ್ಥ್ಯದ್ದು

ಹಾಗಾದರೆ ಅಚ್ಚಿನ ಅನುಪಾತವನ್ನು ತಗ್ಗಿಸುತ್ತ ಹೋದರೆ ವೇಗ ಏರುತ್ತಲೇ ಹೋಗಬೇಕಲ್ಲವೆ? ಪಿನಿಯನ್ನಿನಲ್ಲಿ ೭, ಕ್ರೌನಿನಲ್ಲಿ ೩೭ ಹಲ್ಲುಗಳನ್ನಿಟ್ಟರೆ ಅನುಪಾತ ೫.೨೯, ಗೇರಿನ ಮಿತಿ ೮೭ ಕಿಲೊಮೀಟರಿಗೆ ಏರುತ್ತದೆ. ೧೦ ಮತ್ತು ೪೧ ಹಲ್ಲುಗಳಿದ್ದರೆ ಅನುಪಾತ ೪.೧, ಮಿತಿ ೧೧೨ ಕಿಲೊಮೀಟರ್. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ರಸ್ತೆಯ ಮೇಲೆ ಏನಾಗುತ್ತದೆಂಬುದನ್ನು ನೋಡೋಣ.

ಮಟ್ಟ ರಸ್ತೆಯಲ್ಲಿ ಸಮವೇಗದಿಂದ ಓಡುವ ಲಾರಿಯನ್ನು ಎರಡು ಬಲಗಳು ಹಿಂದಕ್ಕೆಳೆಯುತ್ತವೆ. ಮೊದಲನೆಯದು ಟೈರಿನ ಉರುಳುರೋಧ. ನೆಲವನ್ನು ಮುಟ್ಟುವ ಕಡೆ ಟೈರು ಅದುಮಿಕೊಂಡು ಮತ್ತೆ ಉಬ್ಬುವಾಗ ಶಕ್ತಿಯ ಸ್ವಲ್ಪ ಭಾಗ ಶಾಖವಾಗಿಹೋಗುತ್ತದೆ. ಒಳ್ಳೆಯ ರಸ್ತೆಯಲ್ಲಿ ಇದು ಲಾರಿಯ ತೂಕದ ಸಾವಿರಕ್ಕೆ ಎಂಟರಷ್ಟು ಎಂದಿಟ್ಟುಕೊಳ್ಳಬಹುದು. ನಮ್ಮ ಲಾರಿಗೆ ೧೯೬೦ ನ್ಯೂಟನ್. ಇದು ವೇಗದೊಡನೆ ಹೆಚ್ಚೇನೂ ಬದಲಾಗುವುದಿಲ್ಲ. ಎರಡನೆಯದು ಗಾಳಿಯ ರೋಧ. ಇದು ತೂಕವನ್ನು ಲೆಕ್ಕಿಸುವುದಿಲ್ಲ. ಲಾರಿಯ ಮುಖದ ವಿಸ್ತಾರ, ಅದರ ಆಕಾರ ಮತ್ತು ವೇಗದ ವರ್ಗ, ಇವನ್ನು ಅವಲಂಬಿಸುತ್ತದೆ. ಚಪ್ಪಟೆ ಮುಖದ ನಮ್ಮ ಲಾರಿಯ ಎದುರು ವಿಸ್ತಾರ ೮ ಚದರ ಮೀಟರ್ ಎಂದುಕೊಂಡರೆ, ಗಂಟೆಗೆ ೬೦ ಕಿಲೊಮೀಟರ್ ವೇಗದಲ್ಲಿ ಈ ರೋಧ ಸುಮಾರು ೧೦೭೦ ನ್ಯೂಟನ್, ೮೦ರಲ್ಲಿ ೧೯೦೦, ೧೦೦ರಲ್ಲಿ ೨೯೬೦.

ಎರಡು ರೋಧಗಳನ್ನೂ ಕೂಡಿಸಿ ವೇಗದಿಂದ ಗುಣಿಸಿದರೆ ಗಾಲಿಗಳಲ್ಲಿ ಬೇಕಾದ ಸಾಮರ್ಥ್ಯ ಸಿಕ್ಕುತ್ತದೆ. ೬೦ ಕಿಲೊಮೀಟರಿಗೆ ೫೦ ಕಿಲೊವಾಟ್ ಸಾಕು. ೮೦ಕ್ಕೆ ೮೬ ಬೇಕು. ೧೦೦ಕ್ಕೆ ೧೩೭ ಬೇಕು. ವೇಗ ೬೦ರಿಂದ ೧೦೦ಕ್ಕೆ ಏರುವಷ್ಟರಲ್ಲಿ ಸಾಮರ್ಥ್ಯದ ಬೇಡಿಕೆ ಎರಡೂಮುಕ್ಕಾಲು ಮಡಿಯಾಯಿತು. ಎಂಜಿನಿನ ೧೩೦ ಕಿಲೊವಾಟಿನಲ್ಲಿ ಫ್ಯಾನು, ಪಂಪು, ಹಲ್ಲುಚಕ್ರಗಳ ಉಜ್ಜಾಟ ಮುಂತಾದವುಗಳ ಪಾಲು ಕಳೆದು ಗಾಲಿಗಳಿಗೆ ಮುಟ್ಟುವುದು ೧೧೫ರಷ್ಟು. ಇಷ್ಟು ಸಾಮರ್ಥ್ಯದಿಂದ, ಗೇರು ಎಷ್ಟೇ ಚೆನ್ನಾಗಿ ಹೊಂದಿಕೊಂಡಿರಲಿ, ಈ ಲಾರಿ ೯೨ ಕಿಲೊಮೀಟರನ್ನು ದಾಟಲಾರದು. ಇದು ಸಾಮರ್ಥ್ಯದ ಮಿತಿ.

ಲಾರಿಯ ನಿಜವಾದ ಗರಿಷ್ಠ ವೇಗ ಈ ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವುದಿಲ್ಲ. ೬.೮೩ರ ಅಚ್ಚಿನಲ್ಲಿ ಗೇರಿನ ಮಿತಿ ೬೭. ಆ ವೇಗದಲ್ಲಿ ಗಾಲಿಗಳಿಗೆ ೬೧ ಕಿಲೊವಾಟ್ ಸಾಕು. ಎಂಜಿನಿನ ಸಾಮರ್ಥ್ಯದ ಅರ್ಧದಷ್ಟು ಬಳಕೆಯಾಗದೆ ಉಳಿದಿರುತ್ತದೆ. ೫.೨೯ರ ಅಚ್ಚಿನಲ್ಲಿ ಮಿತಿ ೮೭, ಬೇಕಾದ ಸಾಮರ್ಥ್ಯ ೧೦೨ ಕಿಲೊವಾಟ್; ಲಾರಿ ಆ ವೇಗವನ್ನು ಮುಟ್ಟುತ್ತದೆ. ಇಷ್ಟರವರೆಗೆ ಅಚ್ಚನ್ನು ಬದಲಿಸಿದ್ದರಿಂದ ನಿಜವಾಗಿಯೂ ಲಾಭವಾಯಿತು.

೪.೧ರ ಅಚ್ಚಿನಲ್ಲಿ ಏನಾಗುತ್ತದೆ? ಗೇರಿನ ಮಿತಿ ೧೧೨. ಆದರೆ ೮೮ ಕಿಲೊಮೀಟರ್ ವೇಗದಲ್ಲಿ ಎಂಜಿನು ಮಿನಿಟಿಗೆ ಸುಮಾರು ೧೮೮೦ ಸುತ್ತು ಮಾತ್ರ ತಿರುಗುತ್ತಿರುತ್ತದೆ. ಅಷ್ಟು ಕಡಿಮೆ ಸುತ್ತಿನಲ್ಲಿ ಅದು ತನ್ನ ಪೂರ್ಣ ೧೩೦ ಕಿಲೊವಾಟನ್ನು ಕೊಡಲಾರದು, ೧೧೮ರಷ್ಟು ಕೊಟ್ಟೀತು. ಗಾಲಿಗಳಿಗೆ ೧೦೪ ಮುಟ್ಟುತ್ತದೆ. ೮೮ ಕಿಲೊಮೀಟರಿಗೆ ಬೇಕಾದ ಸಾಮರ್ಥ್ಯವೂ ಸರಿಯಾಗಿ ಅಷ್ಟೇ. ಲಾರಿ ಅಲ್ಲಿಗೇ ನಿಂತುಬಿಡುತ್ತದೆ. ಗೇರಿನ ಮಿತಿಯನ್ನು ೨೫ ಕಿಲೊಮೀಟರಿನಷ್ಟು ಮೇಲಕ್ಕೆತ್ತಿದರೂ ದೊರೆತ ಹೆಚ್ಚಿನ ವೇಗ ಒಂದೇ ಒಂದು ಕಿಲೊಮೀಟರ್!

ಇಷ್ಟಕ್ಕೇ ಮುಗಿಯಲಿಲ್ಲ. ಗಂಟೆಗೆ ೨೦ ಕಿಲೊಮೀಟರ್ ವೇಗದ ಎದುರುಗಾಳಿ ಬೀಸತೊಡಗಿದರೆ, ಇದೇ ಲಾರಿ ಆರನೆಯ ಗೇರಿನಲ್ಲಿ ೭೫ರ ಆಸುಪಾಸಿಗೆ ಕುಗ್ಗುತ್ತದೆ. ಚಾಲಕನು ಐದನೆಯ ಗೇರಿಗೆ ಇಳಿಸಿದರೆ ೮೦ನ್ನು ದಾಟುತ್ತದೆ. ಮೇಲಿನ ಗೇರಿಗಿಂತ ಕೆಳಗಿನ ಗೇರಿನಲ್ಲಿ ಲಾರಿ ಹೆಚ್ಚು ವೇಗವಾಗಿ ಓಡಿತು. ಅನುಭವವುಳ್ಳ ಚಾಲಕರಿಗೆ ಇದು ಗೊತ್ತಿರುವ ಸಂಗತಿ. ಭೌತವಿಜ್ಞಾನದ ವಿದ್ಯಾರ್ಥಿ ಇದರ ಕಾರಣವನ್ನೂ ಹೇಳಬಲ್ಲ: ಕೆಳಗಿನ ಗೇರಿನಲ್ಲಿ ಎಂಜಿನು ಹೆಚ್ಚು ಸುತ್ತು ತಿರುಗಿ ತನ್ನ ಪೂರ್ಣ ಸಾಮರ್ಥ್ಯದ ಹತ್ತಿರಕ್ಕೆ ಬರುತ್ತದೆ.

ವೇಗಕ್ಕೆ ತೆರುವ ಬೆಲೆ

ಒಂದು ಕಿಲೊಮೀಟರ್ ವೇಗಕ್ಕಾಗಿ ನಾವು ತೆತ್ತುದು ಏನು? ನಿಂತ ಲಾರಿಯನ್ನು ಏರಿನಲ್ಲಿ ಹೊರಡಿಸುವಾಗ ಇದರ ಉತ್ತರ ತಿಳಿಯುತ್ತದೆ. ೬.೮೩ರ ಅಚ್ಚಿನ ಲಾರಿಯಲ್ಲಿ ಮೊದಲನೆಯ ಗೇರಿನ ೭ ಮತ್ತು ಅಚ್ಚಿನ ೬.೮೩ ಸೇರಿ ಎಂಜಿನಿನ ತಿರುಗುಬಲ ಸುಮಾರು ೪೮ ಮಡಿಯಾಗುತ್ತದೆ. ಗಾಲಿಗಳು ರಸ್ತೆಯನ್ನು ೫೩,೦೦೦ ನ್ಯೂಟನ್‌ಗಿಂತ ಹೆಚ್ಚು ಬಲದಿಂದ ತಳ್ಳಬಲ್ಲವು. ನೂರು ಮೀಟರಿಗೆ ೨೧ ಮೀಟರ್ ಏರುವ ಇಳಿಜಾರನ್ನೂ ಹತ್ತಲು ಈ ಬಲ ಸಾಕು. ೪.೧ರ ಅಚ್ಚಿನಲ್ಲಿ ಈ ಬಲ ೩೨,೦೦೦ಕ್ಕೆ ಇಳಿದು, ನೂರಕ್ಕೆ ೧೨ರ ಏರೇ ಪರಮಾವಧಿಯಾಗುತ್ತದೆ. ಇದೂ ಎಂಜಿನು ಗರಿಷ್ಠ ತಿರುಗುಬಲ ಕೊಟ್ಟಾಗಿನ ಮಾತು. ನಿಂತಲ್ಲಿಂದ ಹೊರಡುವಾಗ ಎಂಜಿನಿನ ಸುತ್ತು ಇನ್ನೂ ಕಡಿಮೆ, ತಿರುಗುಬಲವೂ ಕಡಿಮೆ. ಘಾಟಿಯ ಕಡಿದಾದ ತಿರುವಿನಲ್ಲಿ ನಿಂತುಬಿಟ್ಟ ತುಂಬಿದ ಲಾರಿ ಮತ್ತೆ ಹೊರಡಲಾರದೆ, ಕ್ಲಚ್ಚು ಜಾರಿ ಜಾರಿ ಸುಟ್ಟುಹೋಗುವುದು ಇಂಥ ಸಂದರ್ಭದಲ್ಲೇ.

ಏರಿನಲ್ಲಿ ಓಡುವಾಗಿನ ವೇಗವೋ? ನೂರಕ್ಕೆ ೩ರ ಏರು ಕಣ್ಣಿಗೆ ಏರೆಂದೇ ಕಾಣಿಸದು. ಆದರೆ ೨೫ ಟನ್ ತೂಕದ ನೂರಕ್ಕೆ ಮೂರು ಭಾಗ ಎಂದರೆ ೭೩೫೦ ನ್ಯೂಟನ್; ೧೦೦ ಕಿಲೊಮೀಟರ್ ವೇಗದಲ್ಲಿ ಗಾಳಿ ಒಡ್ಡುವ ರೋಧದ ಎರಡೂವರೆ ಮಡಿ. ಗಾಲಿಗಳಿಗೆ ಸಿಕ್ಕುವ ೧೧೫ ಕಿಲೊವಾಟಿನಿಂದ ಈ ಏರಿನಲ್ಲಿ ೪೨ ಕಿಲೊಮೀಟರನ್ನು ಮೀರಲು ಸಾಧ್ಯವಿಲ್ಲ, ಯಾವ ಅಚ್ಚನ್ನೇ ಹಾಕಲಿ. ಗೇರು ಸಾಮರ್ಥ್ಯವನ್ನು ಸೃಷ್ಟಿಸುವುದಿಲ್ಲವೆಂಬ ಮಾತು ಇಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಮೊದಲು ಕೇಳಿದ ಪ್ರಶ್ನೆಗೂ ಈಗ ಉತ್ತರ ಸಿಕ್ಕಿತು. ಕಾರಿನ ೬೦ ಕಿಲೊವಾಟ್ ಸುಮಾರು ಒಂದು ಟನ್ನಿನ ತೂಕವನ್ನು ಎಳೆಯುತ್ತದೆ. ಲಾರಿಯಲ್ಲಿ ಟನ್ನೊಂದಕ್ಕೆ ದೊರೆಯುವುದು ೫ ಕಿಲೊವಾಟಿಗೂ ಸ್ವಲ್ಪ ಹೆಚ್ಚು, ಅಷ್ಟೆ.

ಹೆಚ್ಚು ಗೇರುಗಳ ಉಪಾಯ

ಬಯಲಿನ ವೇಗವೂ ಬೇಕು, ಘಾಟಿಯ ಬಲವೂ ಬೇಕು ಎಂದಾಗ ಎಂಜಿನಿಯರು ಕಂಡುಕೊಂಡ ಉಪಾಯವೆಂದರೆ ಗೇರುಪೆಟ್ಟಿಗೆಯ ವ್ಯಾಪ್ತಿಯನ್ನು ಹಿಗ್ಗಿಸುವುದು. ಇಂದಿನ ಭಾರಿ ಲಾರಿಗಳಲ್ಲಿ ಒಂಬತ್ತು, ಹನ್ನೆರಡು, ಹದಿನಾರು, ಹದಿನೆಂಟು ಗೇರುಗಳೂ ಉಂಟು. ಕೆಳತುದಿಯಲ್ಲಿ ತೆವಳುವ ಗೇರು, ಮೇಲ್ತುದಿಯಲ್ಲಿ ಓವರ್‌ಡ್ರೈವ್. ಓವರ್‌ಡ್ರೈವ್‌ನಲ್ಲಿ ಅನುಪಾತ ಒಂದಕ್ಕಿಂತ ಕಡಿಮೆ. ಎಂಜಿನಿಗಿಂತ ಪ್ರೊಪೆಲ್ಲರ್ ದಂಡವೇ ಹೆಚ್ಚು ಸುತ್ತು ತಿರುಗುತ್ತದೆ. ಗೇರುಪೆಟ್ಟಿಗೆಯಲ್ಲಿ ೦.೭೩, ಅಚ್ಚಿನಲ್ಲಿ ೪.೧ ಇರುವ ಲಾರಿಯ ಒಟ್ಟು ಅನುಪಾತ ಇವೆರಡರ ಗುಣಲಬ್ಧ, ಸುಮಾರು ೩. ಮೇಲಿನ ಗೇರು ೧, ಅಚ್ಚು ೩ ಇರುವ ಇನ್ನೊಂದು ಲಾರಿಯಲ್ಲೂ ಒಟ್ಟು ಅನುಪಾತ ಅಷ್ಟೇ. ಟೈರು ಒಂದೇ ಆಗಿದ್ದರೆ ಎರಡರ ಗೇರಿನ ಮಿತಿಯೂ ಒಂದೇ. ಆದುದರಿಂದ ಅಚ್ಚಿನ ಅನುಪಾತವೊಂದನ್ನೇ ಅಥವಾ ಗೇರುಪೆಟ್ಟಿಗೆಯೊಂದನ್ನೇ ನೋಡಿ ಲಾರಿಯ ವೇಗವನ್ನು ಊಹಿಸುವುದು ತಪ್ಪು, ಗುಣಲಬ್ಧವನ್ನು ನೋಡಬೇಕು. ಒಂದು ಸೂಕ್ಷ್ಮ ವ್ಯತ್ಯಾಸ ಮಾತ್ರ ಉಂಟು. ಅನುಪಾತ ೧ ಇರುವ ನೇರ ಗೇರಿನಲ್ಲಿ ತಿರುಗುಬಲ ಪೆಟ್ಟಿಗೆಯ ಹಲ್ಲುಗಳ ಮೂಲಕ ಹಾಯದೆ ದಂಡದಿಂದ ದಂಡಕ್ಕೆ ನೇರವಾಗಿ ಹೋಗುವುದರಿಂದ ಉಜ್ಜಾಟದ ನಷ್ಟ ಕಡಿಮೆ.

ಮೂರನೆಯ ಮಿತಿ: ಕಾನೂನಿನದು

ಇಂದು ಬಹುಪಾಲು ಲಾರಿಗಳ ವೇಗವನ್ನು ಗೇರೂ ಅಲ್ಲ, ಸಾಮರ್ಥ್ಯವೂ ಅಲ್ಲ, ಕಾನೂನು ನಿರ್ಧರಿಸುತ್ತದೆ. ಭಾರತದಲ್ಲಿ ೨೦೧೫ರ ಅಕ್ಟೋಬರ್ ೧ರಿಂದ ತಯಾರಾಗುವ ಸಾಮಾನ್ಯ ಸರಕು ಲಾರಿಗಳಿಗೆ ಗಂಟೆಗೆ ೮೦ ಕಿಲೊಮೀಟರ್ ಮೀರದಂತೆ ವೇಗನಿಯಂತ್ರಕವನ್ನು ಅಳವಡಿಸಬೇಕೆಂದು ವಿಧಿಸಲಾಯಿತು. ಯೂರೋಪಿನಲ್ಲಿ ೧೯೯೨ರ ನಿಬಂಧನೆಯ ಮೇರೆಗೆ ೧೨ ಟನ್ನಿಗೆ ಮೀರಿದ ಲಾರಿಗಳಿಗೆ ೯೦ ಕಿಲೊಮೀಟರಿನ ನಿಯಂತ್ರಕ ಬಂದಿತು.

ವೇಗ ೮೦ಕ್ಕೆ ನಿಂತ ಮೇಲೆ ಅಚ್ಚಿನ ಅನುಪಾತಕ್ಕೆ ಬೆಲೆಯಿಲ್ಲವೆಂದು ಭಾವಿಸಬಾರದು. ಅದರ ಕೆಲಸ ಬದಲಾಯಿತು, ಅಷ್ಟೆ. ೮೦ ಕಿಲೊಮೀಟರ್ ವೇಗದಲ್ಲಿ ೫.೨೯ರ ಅಚ್ಚಿನ ಎಂಜಿನು ೨೨೦೦ ಸುತ್ತು ತಿರುಗಿದರೆ ೪.೧ರ ಅಚ್ಚಿನದು ೧೭೦೦ರಷ್ಟು ತಿರುಗುತ್ತದೆ. ಎರಡರಲ್ಲೂ ಗಾಲಿಗೆ ಬೇಕಾದ ಸಾಮರ್ಥ್ಯ ಒಂದೇ. ಆದರೆ ಕಡಿಮೆ ಸುತ್ತಿನಲ್ಲಿ ಎಂಜಿನಿನ ಒಳಗಿನ ಘರ್ಷಣೆ ಕಡಿಮೆ, ಡೀಸೆಲ್ ಖರ್ಚೂ ಕಡಿಮೆ. ವೇಗವನ್ನು ಹೆಚ್ಚಿಸಲಾರದೆ ಹೋದ ಅಚ್ಚು ಇಂಧನವನ್ನು ಉಳಿಸುತ್ತದೆ. ಅಮೆರಿಕ, ಯೂರೋಪುಗಳ ದೂರಪ್ರಯಾಣದ ಲಾರಿಗಳಲ್ಲಿ ಹೆಚ್ಚು ತಿರುಗುಬಲದ ಎಂಜಿನುಗಳನ್ನಿಟ್ಟು, ಅಚ್ಚಿನ ಅನುಪಾತವನ್ನು ಎರಡೂವರೆ ಮತ್ತು ಅದಕ್ಕಿಂತಲೂ ಕೆಳಕ್ಕೆ ತಂದು, ಎಂಜಿನನ್ನು ೧೧೦೦-೧೨೦೦ ಸುತ್ತಿನಲ್ಲೇ ಓಡಿಸುವ ಪದ್ಧತಿ ಬಂದಿರುವುದು ಈ ಕಾರಣಕ್ಕಾಗಿ.

ಇಳಿಜಾರಿನ ಪಾಠ

ಇದುವರೆಗೆ ಎಂಜಿನು ಗಾಲಿಯನ್ನು ತಿರುಗಿಸುವ ವಿಷಯವನ್ನು ಹೇಳಿದೆವು. ಇಳಿಜಾರಿನಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಗಾಲಿಯೇ ಎಂಜಿನನ್ನು ತಿರುಗಿಸುತ್ತದೆ. ಆಗ ಗೇರಿನ ಮಿತಿ ಪ್ರಾಣರಕ್ಷಕವಾಗುತ್ತದೆ.

ಬೆಂಗಳೂರು-ಮಂಗಳೂರು ದಾರಿಯ ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ನಮ್ಮ ಲಾರಿ ೭೦೦ ಮೀಟರ್ ಎತ್ತರದಿಂದ ಇಳಿಯಿತೆನ್ನೋಣ. ಅದು ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು ೧೭ ಕೋಟಿ ಜೂಲ್. ಇಷ್ಟು ಶಕ್ತಿ ೫೪೦ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಟೈರು ಮತ್ತು ಗಾಳಿ ಇದರಲ್ಲಿ ಸ್ವಲ್ಪ ಪಾಲನ್ನು ಹೀರಿಕೊಳ್ಳುತ್ತವೆ. ಉಳಿದುದೆಲ್ಲ ಎಲ್ಲಿಯಾದರೂ ಶಾಖವಾಗಿ ಹೋಗಲೇಬೇಕು. ಲಾರಿ ನ್ಯೂಟ್ರಲ್‌ನಲ್ಲಿ ಇಳಿದರೆ ಎಂಜಿನಿಗೂ ಗಾಲಿಗೂ ಸಂಬಂಧವೇ ಇರುವುದಿಲ್ಲ. ಶಾಖವೆಲ್ಲ ಬ್ರೇಕಿನ ಡ್ರಮ್ಮುಗಳಿಗೇ ಬೀಳುತ್ತದೆ. ಕಾದ ಡ್ರಮ್ಮು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಸಡಿಲವಾಗುತ್ತದೆ. ಚಾಲಕನು ಎಷ್ಟು ತುಳಿದರೂ ಲಾರಿ ನಿಲ್ಲುವುದಿಲ್ಲ. ಬ್ರೇಕು ವಿಫಲವಾಯಿತೆಂದು ನಾವು ಪತ್ರಿಕೆಗಳಲ್ಲಿ ಓದುವ ಎಷ್ಟೋ ಅಪಘಾತಗಳ ಹಿಂದೆ, ತುಂಡಾದ ಕೊಳವೆ, ಮುರಿದ ಕಡ್ಡಿ ಯಾವುದೂ ಇಲ್ಲದಿರಬಹುದು, ಶಾಖವೊಂದೇ ಸಾಕು.

ಗೇರಿನಲ್ಲಿ ಇಳಿದರೆ ಎಂಜಿನಿನ ಒಳರೋಧ ಲಾರಿಯನ್ನು ತಡೆಹಿಡಿಯುತ್ತದೆ. ಹೊಗೆಯ ದಾರಿಯನ್ನು ಮುಚ್ಚುವ ಎಗ್ಸಾಸ್ಟ್ ಬ್ರೇಕಿದ್ದರೆ ಈ ತಡೆ ಇನ್ನೂ ಹೆಚ್ಚು. ಇಲ್ಲಿಯೂ ವೇಗವೇ ನಿರ್ಣಾಯಕ. ನೂರಕ್ಕೆ ೬ರ ಇಳಿಜಾರಿನಲ್ಲಿ ೬೦ ಕಿಲೊಮೀಟರ್ ವೇಗದಿಂದ ಇಳಿಯುವ ನಮ್ಮ ಲಾರಿಯನ್ನು ಆ ವೇಗದಲ್ಲೇ ಹಿಡಿದಿಡಲು ೧೯೫ ಕಿಲೊವಾಟಿನಷ್ಟು ಶಾಖವನ್ನು ಎಡೆಬಿಡದೆ ಹೊರಹಾಕಬೇಕು. ಇದು ಎಂಜಿನಿನ ಗರಿಷ್ಠ ಸಾಮರ್ಥ್ಯದ ಒಂದೂವರೆ ಮಡಿ. ೨೦ ಕಿಲೊಮೀಟರ್ ವೇಗದಲ್ಲಾದರೆ ೭೦ ಕಿಲೊವಾಟ್ ಸಾಕು. ೬.೮೩ರ ಅಚ್ಚಿನ ಲಾರಿ ಮೂರನೆಯ ಗೇರಿನಲ್ಲಿ ೨೦ ಕಿಲೊಮೀಟರ್ ವೇಗದಿಂದ ಇಳಿಯುವಾಗ ಎಂಜಿನು ೧೮೫೦ ಸುತ್ತು ತಿರುಗುತ್ತ ಈ ಹೊರೆಯ ದೊಡ್ಡ ಪಾಲನ್ನು ತಾನೇ ಹೊರುತ್ತದೆ. ಬ್ರೇಕಿಗೆ ಉಳಿಯುವುದು ಸ್ವಲ್ಪ.

ಗೇರನ್ನು ಆರಿಸುವ ಕೆಲಸ ಇಳಿಜಾರಿನ ತಲೆಯಲ್ಲೇ ಆಗಬೇಕು. ೬೦ ಕಿಲೊಮೀಟರ್ ವೇಗಕ್ಕೆ ಏರಿದ ಮೇಲೆ ಗಾಬರಿಯಿಂದ ಎರಡನೆಯ ಗೇರಿಗೆ ಹಾಕಹೊರಟರೆ, ಆ ಗೇರಿಗೆ ಎಂಜಿನು ಮಿನಿಟಿಗೆ ೮೫೦೦ ಸುತ್ತು ತಿರುಗಬೇಕಾಗುತ್ತದೆ. ಗವರ್ನರ್ ಇಂಧನವನ್ನು ತಡೆಯಬಲ್ಲುದೇ ಹೊರತು ಗಾಲಿಗಳು ಎಂಜಿನನ್ನು ತಿರುಗಿಸುವುದನ್ನು ತಡೆಯಲಾರದು. ಸಾಮಾನ್ಯವಾಗಿ ಗೇರು ಬೀಳುವುದೇ ಇಲ್ಲ. ಇದ್ದ ಗೇರೂ ತಪ್ಪಿ ಲಾರಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುತ್ತದೆ. ಅಲ್ಲಿ ಯಾವ ಮಿತಿಯೂ ಇಲ್ಲ.

ಯಾವ ಗೇರಿನಲ್ಲಿ ಘಾಟಿಯನ್ನು ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂಬುದು ಲಾರಿ ಚಾಲಕರಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ. ಅದರ ಹಿಂದಿರುವ ಗಣಿತ ನಾವು ಇಲ್ಲಿ ಮಾಡಿದ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನದಲ್ಲ. ಡೀಸೆಲ್ ಉಳಿಯುತ್ತದೆಂಬ ಆಸೆಯಿಂದ ನ್ಯೂಟ್ರಲ್‌ನಲ್ಲಿ ಇಳಿಯುವವರು ಇಲ್ಲಿ ಇನ್ನೊಂದು ತಪ್ಪನ್ನೂ ಮಾಡುತ್ತಾರೆ. ನ್ಯೂಟ್ರಲ್‌ನಲ್ಲಿ ಎಂಜಿನು ನಿಂತುಹೋಗದಂತೆ ಸ್ವಲ್ಪವಾದರೂ ಡೀಸೆಲನ್ನು ಉರಿಸುತ್ತಲೇ ಇರಬೇಕು. ಗೇರಿನಲ್ಲಿ ಇಳಿಯುವ ಲಾರಿಯ ಎಂಜಿನನ್ನು ಗಾಲಿಗಳೇ ತಿರುಗಿಸುತ್ತಿರುವುದರಿಂದ, ಚಾಲಕನು ಕಾಲು ತೆಗೆದೊಡನೆ ಇಂದಿನ ಎಂಜಿನುಗಳಲ್ಲಿ ಇಂಧನ ಪೂರ್ತಿಯಾಗಿ ನಿಲ್ಲುತ್ತದೆ. ಸುರಕ್ಷಿತವಾದ ದಾರಿಯೇ ಮಿತವ್ಯಯದ ದಾರಿಯೂ ಆಗಿದೆ.